ವಿಂಡೋಸ್ ಪಾಸ್‌ವರ್ಡ್ ಒಂದೇ ಸಾಲದು

ಸಂಪಾದಕರೇ,

ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಅಡಿಕೆ ಲೆಕ್ಕ, ಪಹಣಿ, ಆಧಾರ್ ಪ್ರತಿ ಎಲ್ಲವನ್ನೂ ಈಗ ಕಂಪ್ಯೂಟರಿನ ಡಿ ಡ್ರೈವ್‌ನಲ್ಲೇ ಇಡುತ್ತಾರೆ. ಪಾಸ್‌ವರ್ಡ್ ಇದೆಯಲ್ಲ, ಭಯ ಇಲ್ಲ ಅಂತ ಸುಮ್ನೆ ಇರುತ್ತಾರೆ. ಅದು ತಪ್ಪು. ಎನ್‌ಕ್ರಿಪ್ಟ್ ಆಗದ (ಅಂದರೆ ಕೀ ಇಲ್ಲದೆ ಓದಲಾಗದಂತೆ ಗುಪ್ತಲಿಪಿಗೆ ಬದಲಾಯಿಸದ) ಡಿಸ್ಕ್ ಆದರೆ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು (ಬೂಟ್) ಮಾಡಿದರೂ ಸಾಕು, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೂ ಸಾಕು, ಪಾಸ್‌ವರ್ಡ್ ಕೇಳದೆಯೇ ಫೈಲ್‌ಗಳೆಲ್ಲ ತೆರೆದುಕೊಳ್ಳುತ್ತವೆ. ಪಾರ್ಟಿಷನ್ (ಡಿ ಡ್ರೈವ್‌ನಂಥ ಡಿಸ್ಕ್‌ನ ಭಾಗ) ಬರೀ ಮರೆಮಾಡುವ ಸಾಫ್ಟ್‌ವೇರ್‌ಗಳದ್ದೂ ಇದೇ ಕಥೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಲು ವಿಂಡೋಸ್ ಪ್ರೊ ಆವೃತ್ತಿ ಇದ್ದರೆ ಅದರಲ್ಲೇ ಇರುವ ಬಿಟ್‌ಲಾಕರ್, ಇಲ್ಲದಿದ್ದರೆ ಉಚಿತವಾಗಿ ಸಿಗುವ ವೆರಾಕ್ರಿಪ್ಟ್ ಬಳಸಿ. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀ (ಪಾಸ್‌ವರ್ಡ್ ಮರೆತರೆ ಡಿಸ್ಕ್ ತೆರೆಯುವ ಸಂಖ್ಯೆ) ಬರೆದು ಬೇರೆ ಕಡೆ ಇಡಿ. ಅದೂ ಬಿಟ್‌ಲಾಕರ್ ಪಾಸ್‌ವರ್ಡೂ ಎರಡೂ ಹೋದರೆ ಫೈಲ್ ನಿಮಗೇ ಸಿಗುವುದಿಲ್ಲ. ಲ್ಯಾಪ್‌ಟಾಪ್ ಮಾರುವ ಅಂಗಡಿಯವರು ಇಷ್ಟನ್ನಾದರೂ ಗಿರಾಕಿಗೆ ತಿಳಿಸಬೇಕು, ಅಲ್ವಾ?

– ಓದುಗ, ಶಿವಮೊಗ್ಗ