ಅಜ್ಜಿಯ ಮನೆಯ ನಂಬರು

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಉಳಿದದ್ದೆಲ್ಲ ಸಂತೋಷದ ಸುದ್ದಿಯೇ ಆಗಿದ್ದರೂ ಕೊನೆಯಲ್ಲಿ ಒತ್ತಿ ಬರೆದ ಒಂದು ಸಾಲು ಎರಡು ರಾತ್ರಿ ನನಗೆ ನಿದ್ದೆಗೊಡಲಿಲ್ಲ. ಮುಳ್ಳಯ್ಯನಗಿರಿಯ ಚಿತ್ರ ಬರೆಯುವಾಗ ರೆಸಾರ್ಟಿನ ಛಾವಣಿ, ಕರೆಂಟಿನ ತಂತಿ, ಸಾಲುಗಟ್ಟಿದ ಕಾರುಗಳನ್ನೆಲ್ಲ ಬಿಟ್ಟು ಬರೀ ಹುಲ್ಲುಗುಡ್ಡ, ಶೋಲಾ ಕಾಡು, ಮಂಜು ಇಷ್ಟನ್ನೇ ಇಡುತ್ತೇನೆ, ಕೊಳ್ಳುವವರು ಕೇಳುವುದೂ ಅದನ್ನೇ, 'ಹಾಗಾದರೆ ನಾನು ಸುಳ್ಳು ಬರೆಯುತ್ತಿದ್ದೇನೆಯೇ ದೊಡ್ಡಪ್ಪ?' ಎಂದು ಕೇಳಿದ್ದೀಯೆ.

ಇಲ್ಲವೆಂದು ಒಂದು ಕಾರ್ಡು ಬರೆದು ಹಾಕಬಹುದಿತ್ತು. ಕೈ ಏಳಲಿಲ್ಲ.

ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ, ಮುಳುಗಲಿದ್ದ ಅಜ್ಜಿಯ ಊರನ್ನು ಬರೆದಿಡಬೇಕೆಂದು ಜಲವರ್ಣದ ಡಬ್ಬಿ ಹಿಡಿದು ಹೋಗಿದ್ದೆ. ಹೇಮಾವತಿಯ ದಡ, ಹೊಂಗೆಮರ, ಹೆಂಚಿನ ಮಾಡು, ಜಗಲಿಯ ಮೇಲಿನ ರಾಗಿಮೂಟೆ ಎಲ್ಲವನ್ನೂ ಬರೆದೆ. ಪ್ರತಿ ಮನೆಯ ಬಾಗಿಲ ಪಕ್ಕ ಸರ್ವೆಗೆ ಬಂದವರು ಸುಣ್ಣದ ಗೋಡೆಯ ಮೇಲೆ ಡಾಂಬರಿನಲ್ಲಿ ಗೀಚಿಹೋಗಿದ್ದ ನಂಬರನ್ನು ಮಾತ್ರ ಬಿಟ್ಟೆ. ಅಜ್ಜಿಯ ಮನೆಯದು 43. ಮೂರರ ಬಾಲದಿಂದ ಡಾಂಬರು ಇಳಿದು ಹೊಸಿಲಿಗೆ ಮುಟ್ಟಿತ್ತು. ಅಜ್ಜಿ ಅದರ ಮೇಲೆಯೇ ಅರಿಶಿನ ಬಳಿದಿದ್ದರು. ಅಂದವಾಗಿರಲಿಲ್ಲ, ಅದಕ್ಕೇ ಬಿಟ್ಟೆ. ಈಗ ಆ ಚಿತ್ರ ನೋಡಿದ ಮಕ್ಕಳು 'ಯಾವ ಊರು ತಾತ, ಹೋಗೋಣವೇ?' ಎನ್ನುತ್ತಾರೆ. ಊರು ಮುಳುಗಲಿತ್ತೆಂಬುದು ನನ್ನ ಚಿತ್ರಕ್ಕೆ ಗೊತ್ತೇ ಇಲ್ಲ. ಇನ್ನು ಮುಂದೆ, ಶೆಟ್ಟಿಹಳ್ಳಿಯಲ್ಲಿ ಅದೇ ಅಣೆಕಟ್ಟಿನ ಹಿನ್ನೀರಿನ ನಡುವೆ ನಿಂತ ಚರ್ಚನ್ನು ಬರೆಯುವವರನ್ನು ಕಂಡಾಗಲೂ ನನಗೆ ನೆನಪಾಗುವುದು ಆ ನಂಬರೇ ಇರಬೇಕು.

ಆದರೂ ನಿನ್ನದು ಸುಳ್ಳೆನ್ನಲು ಮನಸ್ಸು ಒಪ್ಪುತ್ತಿಲ್ಲ. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಆಸೆಯಿಂದಲೇ ಬರೆದರು. ಅವರು ತೀರಿಕೊಂಡದ್ದು 1988ರಲ್ಲಿ, ಇಂದಿನ ಬೆಂಗಳೂರನ್ನು ಬಲ್ಲವರಿಗೆ ಆ ಬಣ್ಣಗಳೇ ಸಾಕ್ಷಿ ನುಡಿಯುತ್ತವೆ. ಇಂಗ್ಲೆಂಡಿನ ಡೇವಿಡ್ ಹಾಕ್ನಿ 2009ರಲ್ಲಿ ಕಡಿದು ಒಟ್ಟಿದ ದಿಮ್ಮಿಗಳನ್ನೇ ಗೋಡೆಯಗಲ ಬರೆದರು. ಇಬ್ಬರಲ್ಲಿ ಯಾರದು ಸುಳ್ಳು?

ನೀನು ಪ್ರಕೃತಿಯೆಂದು ಉಳಿಸಿಕೊಂಡ ಆ ಗುಡ್ಡದ ಕೆಳಗಿನ ಹಸಿರನ್ನೇ ನೋಡು. ಕಾಫಿ ಬಾಬಾ ಬುಡನ್ ಯೆಮನ್ನಿನಿಂದ ತಂದದ್ದೆಂಬ ಪ್ರತೀತಿ, ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರ ಆಸ್ಟ್ರೇಲಿಯದ್ದು. ತಂತಿಯನ್ನು ಅಳಿಸಿ ಸಿಲ್ವರನ್ನು ಇಟ್ಟುಕೊಂಡರೆ ಗೆರೆ ಎಲ್ಲಿ ಎಳೆದಂತಾಯಿತು? (ನಿನ್ನ ದೊಡ್ಡಮ್ಮ, 'ಅವಳು ಕೇಳಿದ್ದು ಒಂದು, ನೀವು ಬರೆಯುತ್ತಿರುವುದು ಇನ್ನೊಂದು' ಎನ್ನುತ್ತಿದ್ದಾಳೆ.) ಏನನ್ನು ಬಿಟ್ಟೆ ಎನ್ನುವುದಕ್ಕಿಂತ, ಬಿಟ್ಟದ್ದು ನಿನಗೆ ನೆನಪಿದೆಯೇ ಎನ್ನುವುದೇ ನನ್ನ ಅಂಜಿಕೆ. ನಾನು ಮರೆತೇ ಬಿಟ್ಟಿದ್ದೆ. ನಿನ್ನ ಸಾಲು ಓದಿದ ಮೇಲೆಯೇ ಆ 43 ಎದ್ದುಬಂದದ್ದು.

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಮಾರುವ ಚಿತ್ರವನ್ನು ಮಾರು, ಹೊಟ್ಟೆಗೂ ಬೇಕಲ್ಲ. ಸ್ಕೆಚ್ ಪುಸ್ತಕದಲ್ಲಾದರೂ ಕಂಬ, ಕಾರುಗಳನ್ನು ಬಿಡಬೇಡ. ಹಾಳೆಯ ಹಿಂದೆ ತಾರೀಕು, ನಿಂತ ಜಾಗ ಬರೆದಿಡು. ಮಳೆಗಾಲದಲ್ಲೂ ಅಲ್ಲಿಗೇ ಹೋಗಿ ಕೂರು ಎನ್ನುವ ಆಸೆ, ಆದರೆ ಜಿಗಣೆಗಳ ನೆನಪಾಗಿ ಒತ್ತಾಯಿಸಲಾರೆ.

ನಿನ್ನೆ ಆ ಹಳೆಯ ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿ ಬಾಗಿಲ ಪಕ್ಕ ನಂಬರು ಬರೆಯಲು ಹೋದೆ. ಕೈ ನಡುಗಿ ನಿಲ್ಲಿಸಿದೆನೋ, ನಾಚಿಕೆಯಾಗಿಯೋ ತಿಳಿಯದು. ಯುಗಾದಿಗೆ ಬಂದಾಗ ಹಾಳೆಯ ಹಿಂದೆ ನೀನೇ ಪೆನ್ಸಿಲಿನಲ್ಲಿ ಬರೆದುಕೊಡು.

ಇಂತಿ,
ನಿನ್ನ ದೊಡ್ಡಪ್ಪ