ಪ್ರೋಟೀನಿನಲ್ಲಿ ಯಾವುದು ಯಾವುದಕ್ಕೆ ತಾಗುತ್ತದೆ, ಅದನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಇತ್ತೀಚೆಗೆ ನಿಮ್ಮ ವಿಜ್ಞಾನ ಪುಟದಲ್ಲಿ ಪ್ರೋಟೀನ್ ಬಗ್ಗೆ ಬಂದ ಲೇಖನ ಓದಿದೆ. 2024ರ ರಸಾಯನ ವಿಜ್ಞಾನದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಮೂವರಿಗೆ ಬಂದದ್ದು, ಆಲ್ಫಾಫೋಲ್ಡ್ ಅನ್ನುವ ಪ್ರೋಗ್ರಾಮ್ ಪ್ರೋಟೀನಿನ ಆಕಾರವನ್ನು ಊಹಿಸಿ ಹೇಳುವುದು, ಎಲ್ಲ ಇತ್ತು. ಓದಿ ಖುಷಿಯಾಯಿತು. ಆದರೆ ಕಂಪ್ಯೂಟರ್ ಹೇಳುತ್ತದೆ ಅನ್ನುವಲ್ಲಿಗೆ ಲೇಖನ ನಿಂತುಬಿಟ್ಟಿತು. ಹೇಗೆ ಹೇಳುತ್ತದೆ? ಮಕ್ಕಳು ಕೈಯಲ್ಲಿ ಮಾಡಿ ನೋಡಬಹುದಾದ ವಿಷಯ ಇರುವುದೇ ಅಲ್ಲಿ. ಅದು ಬಿಟ್ಟುಹೋಯಿತಲ್ಲ ಅಂತ ಈ ಪತ್ರ.

ನಾನು ಕೇರಳದ ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ವಿಜ್ಞಾನ ಓದಿದೆ. ಪ್ಲಸ್ ಟುಗೆ ಹೋದ ಕೂಡಲೇ ಎಲ್ಲವೂ ಇಂಗ್ಲಿಷ್, ಸುತ್ತಮುತ್ತ ಮಲಯಾಳ, ನನ್ನ ತಲೆಯೊಳಗೆ ಮಾತ್ರ ಕನ್ನಡ. ಮುಂದೆ ಕಾಲೇಜಿನಲ್ಲಿ ಪ್ರೋಟೀನ್ ಪಾಠ ಬಂದಾಗ ಇದನ್ನೆಲ್ಲ ಕನ್ನಡದಲ್ಲಿ ಹೇಳಲಿಕ್ಕೆ ಆಗುವುದೇ ಇಲ್ಲ ಅಂತ ಒಬ್ಬ ಅಧ್ಯಾಪಕರು ಹೇಳಿದ್ದರು. ಆ ಮಾತು ತುಂಬಾ ದಿನ ನನ್ನನ್ನು ಕಾಡಿತು. ಈಗ ರಜೆಯಲ್ಲಿ ಊರಿಗೆ ಬಂದಾಗ ನೆರೆಮನೆಯ ಏಳೆಂಟು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಹೇಳಿ ನೋಡಿದೆ. ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ.

ಬಾವಿಯ ಹಗ್ಗ ತಂದೆವು. ಗೇಣಿಗೊಂದು ಕೆಂಪು ನೂಲು ಕಟ್ಟಿ 1ರಿಂದ 40ರವರೆಗೆ ನಂಬರ್ ಹಾಕಿದೆವು. ಪ್ರೋಟೀನ್ ಅಂದರೆ ಇಂಥದೇ ಒಂದು ಉದ್ದ ಸರ, 20 ಬಗೆಯ ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸಿದ್ದು. ಎರಡು ಸೇರುವಾಗ ಒಂದು ನೀರಿನ ಕಣ ಹೊರಗೆ ಹೋಗುತ್ತದೆ, ಸರದಲ್ಲಿ ಉಳಿದ ಭಾಗಕ್ಕೆ ರೆಸಿಡ್ಯೂ ಅನ್ನುತ್ತಾರೆ. ನಾನು ಮಕ್ಕಳಿಗೆ ಅದನ್ನು ಮಣಿ ಅಂದೆ. ಆಮೇಲೆ ಹಗ್ಗವನ್ನು ರಾಶಿ ಹಾಕಿದೆವು. ಈಗ 3ನೇ ಗುರುತು 28ರ ಮೇಲೆ ಬಿದ್ದಿದೆ, 12ಕ್ಕೆ 19 ತಾಗಿದೆ. ಸರದಲ್ಲಿ ದೂರ ಇದ್ದವು ರಾಶಿಯಲ್ಲಿ ಹತ್ತಿರ ಬಂದಿವೆ. ಚೌಕದ ಪುಸ್ತಕದಲ್ಲಿ ಅಡ್ಡಕ್ಕೂ ಉದ್ದಕ್ಕೂ ನಂಬರ್ ಬರೆದು, ತಾಗಿದ ಜೋಡಿಯ ಚೌಕಕ್ಕೆ ಮಸಿ ಹಚ್ಚಿದರು. ಇದೇ ಕಾಂಟ್ಯಾಕ್ಟ್ ಮ್ಯಾಪ್. ನಾವು ಅದಕ್ಕೆ ತಾಗು ಪಟ ಅಂತ ಹೆಸರಿಟ್ಟೆವು.

ಆಗ ಎಂಟನೇ ತರಗತಿಯ ಹುಡುಗಿ ಒಬ್ಬಳು ಕೇಳಿದಳು: ಅಕ್ಕಾ, 7 ಮತ್ತು 31 ತಾಗಿಲ್ಲ, ಆದ್ರೆ ಹತ್ತಿರ ಉಂಟು, ಲೆಕ್ಕಕ್ಕೆ ಹಿಡಿಯುವುದಾ ಬೇಡವಾ?

ಇಡೀ ವಿಷಯದ ಮುಖ್ಯ ಪ್ರಶ್ನೆಯೇ ಅದು. ಪ್ರೋಟೀನಿನ ಒಳಗೆ ಅಳತೆ ಆಂಗ್‌ಸ್ಟ್ರಾಮ್‌ನಲ್ಲಿ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು. ಪ್ರತಿ ಮಣಿಯ ನಡುವಿನ ಕಾರ್ಬನ್‌ಗೆ ಆಲ್ಫಾ ಅಂತಲೂ, ಅದರಿಂದ ಪಕ್ಕಕ್ಕೆ ಚಾಚಿದ ಮೊದಲ ಕಾರ್ಬನ್‌ಗೆ ಬೀಟಾ ಅಂತಲೂ ಹೆಸರು. ಒಂದು ಮಣಿಯ ಬೀಟಾ ಕಾರ್ಬನ್‌ನಿಂದ ಇನ್ನೊಂದರ ಬೀಟಾ ಕಾರ್ಬನ್‌ಗೆ 8 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ಇದ್ದರೆ ತಾಗಿದೆ ಅಂತ ಕೆಲವರು ಹಿಡಿಯುತ್ತಾರೆ. ಗ್ಲೈಸಿನ್ ಅನ್ನುವ ಅಮೈನೋ ಆಮ್ಲಕ್ಕೆ ಬೀಟಾ ಕಾರ್ಬನ್ ಇಲ್ಲ, ಅದಕ್ಕೆ ಆಲ್ಫಾ ಕಾರ್ಬನ್‌ನಿಂದ ಅಳೆಯುತ್ತಾರೆ. ಇನ್ನು ಕೆಲವರು ಹೈಡ್ರೋಜನ್ ಬಿಟ್ಟು ಬೇರೆ ಯಾವ ಎರಡು ಪರಮಾಣು 4.5 ಆಂಗ್‌ಸ್ಟ್ರಾಮ್ ಒಳಗೆ ಬಂದರೂ ತಾಗಿದೆ ಅನ್ನುತ್ತಾರೆ. ಎರಡು ಮನೆ ಎಷ್ಟು ಹತ್ತಿರ ಅಂತ ಕೇಳಿದರೆ ಹೊಸ್ತಿಲಿನಿಂದ ಹೊಸ್ತಿಲಿಗೆ ಅಳೆಯುವುದು ಒಂದು, ಮಾಡಿನ ಅಂಚಿನಿಂದ ಅಂಚಿಗೆ ಅಳೆಯುವುದು ಇನ್ನೊಂದು, ಅಲ್ವಾ? ಎರಡೂ ಸರಿಯೇ. ಆದರೆ ಯಾವುದು ಅಂತ ಹೇಳದೆ ಈ ಪ್ರೋಟೀನಿನಲ್ಲಿ ಇಷ್ಟು ಕಾಂಟ್ಯಾಕ್ಟ್ ಇದೆ ಅಂದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಪತ್ರಿಕೆಯವರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನೊಂದು ವಿಷಯ, ಸರದಲ್ಲಿ ಪಕ್ಕಪಕ್ಕದ ಮಣಿಗಳ ಆಲ್ಫಾ ಕಾರ್ಬನ್‌ಗಳ ನಡುವೆ ಹೇಗೂ ಸುಮಾರು 3.8 ಆಂಗ್‌ಸ್ಟ್ರಾಮ್ ಮಾತ್ರ ಇರುವುದು. ಅವು ಹತ್ತಿರ ಇವೆ ಅನ್ನುವುದರಲ್ಲಿ ಹೊಸದೇನೂ ಇಲ್ಲ, ಆದ್ದರಿಂದ ಅವನ್ನು ಲೆಕ್ಕದಿಂದ ಬಿಡುತ್ತಾರೆ. ಬೆಲೆ ಇರುವುದು ದೂರದಿಂದ ಬಂದು ತಾಗುವ ಜೋಡಿಗೆ. ಆಕಾರ ಊಹಿಸುವ ಪ್ರೋಗ್ರಾಮ್‌ಗಳನ್ನು ಪರೀಕ್ಷಿಸುವವರು ಸರದಲ್ಲಿ 24 ಸ್ಥಾನ ಅಥವಾ ಅದಕ್ಕಿಂತ ಜಾಸ್ತಿ ಅಂತರ ಇರುವ ಜೋಡಿಯನ್ನು ದೂರದ ಕಾಂಟ್ಯಾಕ್ಟ್ ಅಂತ ಬೇರೆಯಾಗಿಯೇ ಎಣಿಸುತ್ತಾರೆ.

ಕೋಳಿಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಅಂತ ಒಂದು ಪ್ರೋಟೀನ್ ಇದೆ. 129 ಮಣಿ. ಅದರ ಆಕಾರ 1965ರಲ್ಲೇ ಗೊತ್ತಾಗಿದೆ. ಅದರ 6ನೇ ಮಣಿಯೂ 127ನೇ ಮಣಿಯೂ ಗಂಧಕ ಇರುವ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ, ಎರಡರ ಗಂಧಕ ಒಂದಕ್ಕೊಂದು ಕಟ್ಟಿಕೊಂಡಿವೆ. ಅಂದರೆ ಹಗ್ಗದ ಈ ತುದಿಗೂ ಆ ತುದಿಗೂ ಗಂಟು! ಪಟದ ಮೂಲೆಯಲ್ಲಿ ಆ ಒಂದು ಚುಕ್ಕಿ ಬಿದ್ದಾಗ ಮಕ್ಕಳ ಮುಖ ನೋಡಬೇಕಿತ್ತು. ಪಟ ಓದುವುದೂ ಕಷ್ಟವಲ್ಲ. ಸರ ಸ್ಪ್ರಿಂಗ್ ಹಾಗೆ ಸುತ್ತಿಕೊಂಡಿರುವ ಕಡೆ, ಅಂದರೆ ಆಲ್ಫಾ ಹೀಲಿಕ್ಸ್ ಇರುವಲ್ಲಿ, ಒಂದು ಸುತ್ತಿಗೆ 3.6 ಮಣಿ. ಹಾಗಾಗಿ ಪ್ರತಿ ಮಣಿ ತನ್ನಿಂದ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹತ್ತಿರ ಬರುತ್ತದೆ, ಪಟದ ಕರ್ಣದ ಪಕ್ಕದಲ್ಲೇ ದಪ್ಪ ಪಟ್ಟಿ ಕಾಣುತ್ತದೆ. ಸರ ಹೋಗಿ ತಿರುಗಿ ತನ್ನ ಪಕ್ಕದಲ್ಲೇ ವಾಪಸ್ ಬಂದರೆ ಕರ್ಣಕ್ಕೆ ಅಡ್ಡವಾಗಿ ಗೆರೆ ಮೂಡುತ್ತದೆ.

ಇದಕ್ಕೆ ದೊಡ್ಡ ಲ್ಯಾಬ್ ಬೇಡ. ಪ್ರೋಟೀನ್ ಡೇಟಾ ಬ್ಯಾಂಕ್ 1971ರಿಂದ ಇದೆ. ಏಳು ರಚನೆಗಳಿಂದ ಶುರುವಾಗಿ ಈಗ ಎರಡು ಲಕ್ಷ ದಾಟಿದೆ, ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಫೈಲ್ ತೆರೆದರೆ ಪ್ರತಿ ಪರಮಾಣುವಿಗೆ ಮೂರು ಸಂಖ್ಯೆ ಇರುತ್ತವೆ, ಅದು ಎಲ್ಲಿದೆ ಅಂತ. ಎರಡರ ನಡುವಿನ ದೂರ ತೆಗೆಯಲು ಪೈಥಾಗೊರಸ್ ಸಾಕು. ಲೈಸೋಜೈಮ್‌ನಲ್ಲಿ ಒಟ್ಟು 8256 ಜೋಡಿ ಆಗುತ್ತವೆ, ಅಷ್ಟನ್ನೂ ಕೈಯಲ್ಲಿ ಮಾಡಲಾಗುವುದಿಲ್ಲ, ಆದರೆ ಶಾಲೆಯ ಕಂಪ್ಯೂಟರ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುತ್ತದೆ. ಹತ್ತು ಜೋಡಿ ಮಕ್ಕಳೇ ಮಾಡಲಿ.

ನಿಮ್ಮ ಲೇಖನದಲ್ಲಿ ಬಿಟ್ಟುಹೋದ ಕೊಂಡಿಯೂ ಇಲ್ಲೇ ಇದೆ. ಒಂದೇ ಪ್ರೋಟೀನ್ ಬೇರೆ ಬೇರೆ ಜೀವಿಗಳಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿರುತ್ತದೆ. ತಾಗಿಕೊಂಡಿರುವ ಎರಡು ಮಣಿಗಳಲ್ಲಿ ಒಂದು ದೊಡ್ಡದಾಗಿ ಬದಲಾದರೆ ಎದುರಿನದು ಚಿಕ್ಕದಾಗಿ ಬದಲಾಗಿ ಜಾಗ ಬಿಡುವುದುಂಟು. ಸಾವಿರಾರು ಜೀವಿಗಳ ಸರಗಳನ್ನು ಸಾಲಾಗಿ ಇಟ್ಟು, ಯಾವ ಎರಡು ಸ್ಥಾನಗಳು ಜೊತೆಜೊತೆಯಾಗಿ ಬದಲಾಗುತ್ತವೆ ಅಂತ ನೋಡಿದರೆ, ಆಕಾರ ಕಾಣದೆಯೇ ಯಾವುದಕ್ಕೆ ಯಾವುದು ತಾಗುತ್ತಿರಬಹುದು ಅಂತ ಊಹಿಸಬಹುದು. ಆಲ್ಫಾಫೋಲ್ಡ್ ಕಲಿತದ್ದು ಮುಖ್ಯವಾಗಿ ಇಂಥ ಸಾಲುಗಳಿಂದ ಮತ್ತು ಡೇಟಾ ಬ್ಯಾಂಕಿನ ರಚನೆಗಳಿಂದ.

ಪ್ರೋಟೀನ್ ಸರದಲ್ಲಿ ಎರಡು ಪರಮಾಣು ಎಷ್ಟು ಹತ್ತಿರ ಬರಬಹುದು ಅನ್ನುವ ಪ್ರಶ್ನೆಯನ್ನು ನಮ್ಮವರೂ ಗಟ್ಟಿಯಾಗಿ ಹಿಡಿದಿದ್ದರು ಅಂತಲೂ ಮಕ್ಕಳಿಗೆ ಹೇಳಿದೆ. ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು ಎರ್ನಾಕುಲಂನಲ್ಲಿ, 1922ರಲ್ಲಿ. 1963ರಲ್ಲಿ ಮದ್ರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಸೇರಿ, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಸರ ಎಲ್ಲೆಲ್ಲಿ ಎಷ್ಟು ತಿರುಗಬಹುದು ಅಂತ ಲೆಕ್ಕ ಹಾಕಿ ಪಟ ಬರೆದರು. ಹೊಸ ರಚನೆ ಸರಿಯಿದೆಯಾ ಅಂತ ನೋಡಲು ಇವತ್ತಿಗೂ ರಾಮಚಂದ್ರನ್ ಪಟ ಬೇಕು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಇದೆಲ್ಲ ಸುಮ್ನೆ ಕುತೂಹಲಕ್ಕೆ ಅಂತ ಯಾರೂ ತಿಳಿಯಬಾರದು. ನಮ್ಮ ಕೇರಳದ ವಯನಾಡಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಜಾಸ್ತಿ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಪ್ರೋಟೀನಿನ ಬೀಟಾ ಅನ್ನುವ ಸರದ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಅನ್ನುವ ಬೇರೆ ಅಮೈನೋ ಆಮ್ಲ ಬಂದಿರುತ್ತದೆ, ಅಷ್ಟೇ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್‌ನಲ್ಲಿ 85 ಮತ್ತು 88ನೇ ಮಣಿಗಳ ಹತ್ತಿರದ ಗುಳಿಗೆ ಹೋಗಿ ಕೂರುತ್ತದೆ. ಇರಬಾರದ ಒಂದು ಕಾಂಟ್ಯಾಕ್ಟ್. ಅದರಿಂದ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಉದ್ದ ನಾರಾಗುತ್ತವೆ, ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮನುಷ್ಯ ನೋವಿನಿಂದ ಒದ್ದಾಡುತ್ತಾನೆ. ಇದನ್ನು ಹೇಳಿದಾಗ ಮಕ್ಕಳು ಮಾತಾಡಲಿಲ್ಲ.

ನನ್ನ ಕೋರಿಕೆ ಇಷ್ಟೇ. ನಿಮ್ಮ ವಿಜ್ಞಾನ ಪುಟದಲ್ಲಿ ಒಂದು ವಾರ ಅರ್ಧ ಪುಟ ಬಿಡಿ. ಲೈಸೋಜೈಮ್‌ನ ತಾಗು ಪಟವನ್ನು ದೊಡ್ಡದಾಗಿ ಹಾಕಿ, ಮಂಜೇಶ್ವರದಿಂದ ಬೀದರ್‌ವರೆಗೆ ಕನ್ನಡ ಮಾಧ್ಯಮದ ಮಕ್ಕಳು ಕತ್ತರಿಸಿ ಗೋಡೆಗೆ ಅಂಟಿಸುವ ಹಾಗೆ. ತಾಗು, ಮಣಿ, ಸರ ಅನ್ನುವ ಮಾತುಗಳಲ್ಲೇ ಬರೆಯಿರಿ, ಇವಕ್ಕಿಂತ ಒಳ್ಳೆಯ ಮಾತು ಓದುಗರು ಕೊಟ್ಟರೆ ಅದನ್ನೇ ಹಾಕಿ. ಚುಕ್ಕಿಗಳನ್ನು ನಾನೇ ಲೆಕ್ಕ ಹಾಕಿ ಕಳುಹಿಸುತ್ತೇನೆ. ಚಿತ್ರದ ಕೆಳಗೆ ಮಾತ್ರ ಯಾವ ಪರಮಾಣುವಿನಿಂದ ಯಾವುದಕ್ಕೆ ಅಳೆದದ್ದು, ಎಷ್ಟು ಆಂಗ್‌ಸ್ಟ್ರಾಮ್ ಒಳಗಿದ್ದರೆ ಚುಕ್ಕಿ ಹಾಕಿದ್ದು ಅಂತ ಮರೆಯದೆ ಅಚ್ಚು ಹಾಕಿ. ಆ ಎಂಟನೇ ತರಗತಿಯ ಹುಡುಗಿ ಮೊದಲು ಅದನ್ನೇ ಹುಡುಕುತ್ತಾಳೆ.

ಒಬ್ಬ ಓದುಗಳು,
ಬದಿಯಡ್ಕ, ಕಾಸರಗೋಡು