ಹಳೇ ಬೆಂಜ್ ತಂದ ಶ್ರುತಿಗೆ

ಬಸವನಗುಡಿ, ಬೆಂಗಳೂರು

ಚಿ. ಶ್ರುತಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು 1995ರ ಬೆಂಜ್ ಇ220 ತಂದಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿ ಬೈದ. ನಿನ್ನನ್ನಲ್ಲ, ನನ್ನನ್ನ. ನಿನಗೆ ಕಾರಿನ ಹುಚ್ಚು ಹಿಡಿಸಿದ್ದು ನಾನಂತೆ. ಇರಲಿ. ಮರ್ಸಿಡಿಸ್‌ನವರು ಪುಣೆಯಲ್ಲಿ ಮೊದಲು ಜೋಡಿಸಿದ್ದು ಇದೇ ಡಬ್ಲ್ಯೂ124 ಮಾದರಿ. ಗಟ್ಟಿ ಗಾಡಿ. ಆದರೆ ಇಳಿದಿರುವುದು ಕಾರಿನ ಬೆಲೆ ಕಣಮ್ಮ, ಸ್ಪೇರಿನ ಬೆಲೆ ಅಲ್ಲ. ಪಾಲಿಶು, ಸೀಟ್ ಕವರು, ಮ್ಯೂಸಿಕ್ ಸಿಸ್ಟಂ ಎಲ್ಲ ಆಮೇಲೆ. ಮೊದಲು ನೀರು, ರಬ್ಬರು, ಬ್ರೇಕು.

ನಮ್ಮೂರಿನಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಿಂತಾಗ ಎಂಜಿನ್ ನೀರು ತಣಿಸುವ ರೇಡಿಯೇಟರ್‌ಗೆ ಫ್ಯಾನ್ ಒಂದೇ ಗತಿ. ಸಿಗ್ನಲ್‌ನಲ್ಲಿ ಮೊಬೈಲ್ ಬದಲು ಟೆಂಪರೇಚರ್ ಮುಳ್ಳು ನೋಡು. ಅದಕ್ಕೆ ಬೋರ್‌ವೆಲ್ ನೀರು ಮಾತ್ರ ಹಾಕಲೇಬೇಡ. ಬಕೆಟ್‌ನಲ್ಲಿ ಬಿಳಿ ಕಟ್ಟುತ್ತದಲ್ವಾ, ಎಂಜಿನ್ ಒಳಗೂ ಅದೇ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಎಂಜಿನ್ ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡ. ಇನ್ನು, ಮೇಲಿನ ಹೋಸ್, ಅಂದರೆ ರಬ್ಬರ್ ಪೈಪು, ರೇಡಿಯೇಟರ್‌ಗೆ ಸೇರುವ ಕಡೆ ಒಂದು ಪ್ಲಾಸ್ಟಿಕ್ ಕುತ್ತಿಗೆ ಇದೆ. ವಯಸ್ಸಾದ ಮೇಲೆ ಅದು ಯಾವ ಸೂಚನೆಯನ್ನೂ ಕೊಡದೆ ಪಟ್ ಅಂತ ಮುರಿಯುತ್ತದೆ. ರೇಡಿಯೇಟರ್ ಹಳೆಯದಾಗಿದ್ದರೆ ಈಗಲೇ ಬದಲಾಯಿಸು.

ಪೆಟ್ರೋಲ್ ಪೈಪುಗಳನ್ನೂ ನೋಡು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಎಥನಾಲ್ ತಡೆಯುವ ಹೋಸ್ ಹಾಕಿಸು. ಪೆಟ್ರೋಲ್ ವಾಸನೆ ಬಂದ ದಿನ ಗಾಡಿ ಸ್ಟಾರ್ಟ್ ಮಾಡಲೇಬೇಡ.

ಈಗ ಎಂಜಿನ್ ವೈರಿಂಗ್. ತೊಂಬತ್ತರ ದಶಕದ ಮೊದಲರ್ಧದ ಬೆಂಜ್‌ಗಳಿಗೆ ಇದೇ ದೊಡ್ಡ ಕಾಯಿಲೆ. ವೈರಿನ ಮೇಲಿನ ಹೊದಿಕೆ ಬಿಸಿಗೆ ಒಣಗಿ ಉದುರುತ್ತದೆ. ಬ್ಯಾಟರಿ ಬಿಚ್ಚಿಟ್ಟು ಒಂದು ವೈರನ್ನ ಮೆಲ್ಲಗೆ ಬಗ್ಗಿಸಿ ನೋಡು. ಬೆರಳಿಗೆ ಪುಡಿ ಹತ್ತಿ, ಒಳಗಿನ ತಾಮ್ರ ಕಂಡರೆ ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳಬೇಡ. ಪೂರ್ತಿ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು, ಹೊಸದಾಗಬೇಕು. ಹಿಂದಿನವರು ಆಗಲೇ ಹಾಕಿಸಿದ್ದರೆ ನಿನ್ನ ಪುಣ್ಯ.

ಫ್ಯೂಸಿನ ಕತೆ ಸುಲಭ. ಈ ಕಾರಿನಲ್ಲಿ ಮಾತ್ರೆ ಕ್ಯಾಪ್ಸೂಲಿನಂಥ ಫ್ಯೂಸುಗಳಿವೆ, ಎರಡೂ ತುದಿ ಚೂಪು. ಆ ತುದಿಗಳಿಗೆ ಕಿಲುಬು ಹಿಡಿದರೆ ಫ್ಯೂಸ್ ಸುಡದಿದ್ದರೂ ಕರೆಂಟ್ ಹೋಗುವುದಿಲ್ಲ. ವೈಪರ್ ನಿಂತಿತು ಅಂದರೆ ಸಾಕು, ಮೋಟರೇ ಹೋಗಿದೆ ಅನ್ನುವವರು ಸಿಗುತ್ತಾರೆ. ನೀನು ಮೊದಲು ಇಗ್ನಿಷನ್ ಆಫ್ ಮಾಡಿ, ಫ್ಯೂಸನ್ನ ಇದ್ದಲ್ಲೇ ಬೆರಳಲ್ಲಿ ತಿರುಗಿಸಿ ನೋಡು. ಮತ್ತೆ ಆನ್ ಮಾಡಿದಾಗ ವೈಪರ್ ಓಡಿದರೆ ಆ ಸಾಲಿನ ಫ್ಯೂಸೆಲ್ಲ ಹೊಸದು ಹಾಕಿಬಿಡು, ದೊಡ್ಡ ಖರ್ಚಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸದಿದ್ದರೆ ನಂದಿಬೆಟ್ಟ ಇಳಿಯುವಾಗ ಬಿಸಿಗೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ಟೈರಿನ ಮೇಲಿನ ಗೆರೆಗಳು ಚೆನ್ನಾಗಿವೆ ಅಂತ ಸುಮ್ನೆ ಇರಬೇಡ, ಅದರ ವಯಸ್ಸು ತಿಳಿಯಲು ಪಕ್ಕದ ನಾಲ್ಕಂಕಿ ಓದು. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ನಿಮ್ಮ ಗೇಟಿನ ಮುಂದೆ ಚರಂಡಿ ಮೇಲೆ ಇಳಿಜಾರು ಇದೆಯಲ್ಲ, ಅಲ್ಲಿ ಜ್ಯಾಕ್ ಹಾಕಬೇಡ. ಸಮತಟ್ಟು ನೆಲ ಬೇಕು, ಚಕ್ರಕ್ಕೆ ಅಡ್ಡ ಕೊಡಬೇಕು, ಜ್ಯಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ತೂರಲೇಬಾರದು. ಸಿಮೆಂಟ್ ಬ್ಲಾಕ್ ನಂಬಬೇಡ, ಅದು ಒಡೆಯುತ್ತದೆ. ಸಸ್ಪೆನ್ಷನ್ ಸ್ಪ್ರಿಂಗು, ಗೇರ್‌ಬಾಕ್ಸು, ಎಸಿ ಗ್ಯಾಸು ಮೆಕ್ಯಾನಿಕ್‌ಗೇ ಇರಲಿ. ಆದರೆ ಅವನು ಬಿಚ್ಚುವಾಗ ಪಕ್ಕದಲ್ಲೇ ನಿಂತು ಕೇಳು. ಬೇಜಾರು ಮಾಡಿಕೊಳ್ಳುವವನಾದರೆ ಬೇರೆಯವನನ್ನ ಹುಡುಕು.

ಜೆ.ಸಿ. ರಸ್ತೆಗೆ ಸ್ಪೇರ್ ತರಲು ಹೋದರೆ ಹಳೇ ಪಾರ್ಟನ್ನೂ ಚಾಸಿ ನಂಬರನ್ನೂ ಜೊತೆಗೆ ಒಯ್ಯಿ. ‘ಇದೂ ಆಗುತ್ತೆ ಮೇಡಂ’ ಅಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಶಿವಾಜಿನಗರದ ಗುಜರಿಯಲ್ಲಿ ಡೋರ್ ಹ್ಯಾಂಡಲ್, ದೀಪದ ಗಾಜು ತಗೋ, ಪರವಾಗಿಲ್ಲ. ಬ್ರೇಕಿನ ಸಾಮಾನು ಮಾತ್ರ ಬೇಡ.

ಆರ್‌ಸಿ ಯಾವಾಗ ಮುಗಿಯುತ್ತದೆ ನೋಡಿದೆಯಾ? ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಅದರ ಫೋಟೋ ನನಗೆ ಕಳಿಸು. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ